ಜೇವರ್ಗಿ ಎಂದು ಟೈಪ್ ಮಾಡಿ ನೋಡಿ

ಮೊಬೈಲಿನಲ್ಲಿ 'ಜೇವರ್ಗಿ' ಎಂದು ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಫೋನಿನೊಳಗೆ ಕೂರುವುದು ಏಳು ಸಂಕೇತ: ಜ, ಏತ್ವ, ವ, ರ, ಹಲಂತ, ಗ, ಇತ್ವ. ಉಚ್ಚಾರದಲ್ಲಿ ರಕಾರ ಮೊದಲು, 'ಗಿ' ಆಮೇಲೆ. ಸಂಕೇತಗಳೂ ಅದೇ ಸಾಲಿನಲ್ಲಿವೆ. ಪರದೆಯ ಮೇಲೆ ಮಾತ್ರ 'ಗಿ' ಮುಂದೆ ಬಂದು, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ನಿಲ್ಲಬೇಕು. ಈ ಅದಲುಬದಲು ಮಾಡುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಆ ಕೆಲಸ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ್ದು. ಅದನ್ನಾಗಲಿ ಅಂಥ ಬೇರೊಂದು ತಂತ್ರಾಂಶವನ್ನಾಗಲಿ ಬಳಸಿಕೊಳ್ಳದ ಆ್ಯಪ್‌ನಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತವೆ. ಚಿತ್ರದ ಮೇಲೆ ಬರಹ ಮೂಡಿಸಲು ಪೈಥಾನ್ ಬಳಸುವವರು ನೆಚ್ಚಿಕೊಂಡಿರುವ ಪಿಲ್ಲೋ ಲೈಬ್ರರಿಯಲ್ಲಿ, ಅಕ್ಷರ ಜೋಡಿಸುವ ಹೆಚ್ಚುವರಿ ಘಟಕ ಹಾಕಿಕೊಳ್ಳದಿದ್ದರೆ ಆಗುವುದು ಇದೇ.

'ಜೇ' ಅಕ್ಷರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಒಡೆಯಬಹುದು. ಎರಡೂ ಒಂದೇ ಎಂದು ಯೂನಿಕೋಡ್ ನಿಯಮ ಹೇಳುತ್ತದೆ. ಆ ನಿಯಮ ಪಾಲಿಸದ ಹುಡುಕಾಟದ ಪೆಟ್ಟಿಗೆಗೆ ಅವು ಎರಡು ಬೇರೆ ಬೇರೆ ಊರು.

ಜೇವರ್ಗಿ ಇರುವ ಕಲಬುರಗಿ ಜಿಲ್ಲೆಯ ಬೇರೆ ತಾಲ್ಲೂಕುಗಳದ್ದೂ ಇಂಥದೇ ಕಥೆ. ಅಫಜಲಪುರದ ಫಕಾರ, ಜಕಾರಗಳ ಕೆಳಗೆ ಕೆಲವರು ನುಕ್ತಾ ಚುಕ್ಕಿ ಹಾಕುತ್ತಾರೆ, ಹೆಚ್ಚಿನವರು ಹಾಕುವುದಿಲ್ಲ. ಚುಕ್ಕಿಗೆ ಬೇರೆ ಸಂಕೇತವಿರುವುದರಿಂದ ಒಂದೇ ಊರಿನ ಎರಡು ಬರಹಗಳು ಕಂಪ್ಯೂಟರಿಗೆ ಹೊಂದುವುದಿಲ್ಲ. ಆಳಂದದ್ದು ತಮಾಷೆಯ ಪಾಡು. ಇಂಗ್ಲಿಷಿನಲ್ಲಿ ಬರೆದು ಹುಡುಕಿದರೆ ಬಾಲ್ಟಿಕ್ ಸಮುದ್ರದಲ್ಲಿರುವ, ಸ್ವೀಡಿಷ್ ಮಾತಾಡುವ, ಫಿನ್ಲೆಂಡಿನ ಓಲಂಡ್ ದ್ವೀಪಸಮೂಹ ಎದುರಾಗಬಹುದು. ಅದರ ಹೆಸರಿನ ಮೊದಲ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಉಂಗುರವಿದೆ. ಟೈಪ್ ಮಾಡುವವರಿಗೆ ಅನುಕೂಲವಾಗಲೆಂದು ಹುಡುಕಾಟದ ತಂತ್ರಾಂಶಗಳು ಅಂಥ ಉಂಗುರಗಳನ್ನು ಬೇಕೆಂದೇ ಕಡೆಗಣಿಸುತ್ತವೆ. ಒಬ್ಬರಿಗೆ ಮಾಡಿದ ಅನುಕೂಲ ಇನ್ನೊಬ್ಬರಿಗೆ ಬಗ್ ಆಗಿ ಕಾಣುವುದು ತಂತ್ರಾಂಶ ಲೋಕದಲ್ಲಿ ದಿನನಿತ್ಯದ ಸಂಗತಿ.

ಇವನ್ನು ಯಾರು ಸರಿಪಡಿಸಬೇಕು? 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಕೋಡ್ ಆ್ಯಪಲ್ ಕಂಪನಿಯ ಸ್ವಂತದ್ದಾದ್ದರಿಂದ ಅದು ಪರಿಹಾರ ಬಿಡುಗಡೆ ಮಾಡುವವರೆಗೆ ಹೊರಗಿನವರು ಕಾಯಬೇಕಾಯಿತು. ಮುಕ್ತ ತಂತ್ರಾಂಶದಲ್ಲಿ ಕೋಡ್ ಎಲ್ಲರ ಕಣ್ಣೆದುರಿಗೇ ಇರುತ್ತದೆ; ತಿದ್ದುವ ಹಕ್ಕೂ ಎಲ್ಲರಿಗಿದೆ. ಆದರೆ ತೆರೆದಿಟ್ಟ ಮಾತ್ರಕ್ಕೆ ಯಾರಾದರೂ ಬಂದು ನೋಡುತ್ತಾರೆಂಬ ಖಾತರಿಯಿಲ್ಲ. ಜಗತ್ತಿನ ಲಕ್ಷಾಂತರ ಸರ್ವರ್‌ಗಳು ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರಲ್ಲಿ ಸೇರಿಕೊಂಡ 'ಹಾರ್ಟ್‌ಬ್ಲೀಡ್' ದೋಷ 2014ರ ಏಪ್ರಿಲ್‌ವರೆಗೂ ಬಯಲಿಗೆ ಬರಲಿಲ್ಲ. ಕಣ್ಣುಗಳನ್ನು ಒಂದೆಡೆ ಸೇರಿಸುವ ಏರ್ಪಾಟು ಬೇಕು. ಅದರ ಹೆಸರೇ ಬಗ್ ಸ್ಪ್ರಿಂಟ್: ಒಂದೆರಡು ದಿನ ಒಂದೇ ಕೋಣೆಯಲ್ಲಿ ಕೂತು, ಹೊಸದೇನನ್ನೂ ಸೇರಿಸದೆ, ಇರುವ ದೋಷಗಳನ್ನು ಮಾತ್ರ ತಿದ್ದುವುದು.

ಇದಕ್ಕೆ ತಕ್ಕಮಟ್ಟಿನ ಪರಂಪರೆಯಿದೆ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯ ಹತ್ತು ಮಂದಿ ಡೆವಲಪರ್‌ಗಳು ಕೆನಡಾದ ಕ್ಯಾಲ್ಗರಿಯಲ್ಲಿ ಒಟ್ಟುಗೂಡಿ ಗೂಢಲಿಪಿ ತಂತ್ರಾಂಶದ ಮೇಲೆ ಕೆಲಸ ಮಾಡಿದರು. ಅಂಥ ತಂತ್ರಾಂಶದ ರಫ್ತಿಗೆ ಅಮೆರಿಕದ ಕಾನೂನು ಅಡ್ಡಬರುತ್ತಿದ್ದುದರಿಂದ ಗಡಿಯಾಚೆ ಸೇರಬೇಕಾಯಿತು. 'ಹ್ಯಾಕಥಾನ್' ಎಂಬ ಮಾತಿನ ಮೊದಮೊದಲ ಬಳಕೆಗಳಲ್ಲಿ ಅದೂ ಒಂದು. ಡೆಬಿಯನ್ ಬಳಗದವರು ಹೊಸ ಆವೃತ್ತಿ ಹೊರಡುವ ಮೊದಲು, ಬಿಡುಗಡೆಗೆ ಅಡ್ಡ ನಿಂತ ದೋಷಗಳನ್ನು ಹೊಸಕಿಹಾಕಲು ಊರೂರಲ್ಲಿ 'ಬಗ್ ಸ್ಕ್ವಾಷಿಂಗ್ ಪಾರ್ಟಿ' ನಡೆಸುತ್ತಾರೆ. ಕರ್ನಾಟಕದ ಮಟ್ಟಿಗೆ ನೆನೆಯಬೇಕಾದದ್ದು ಬೆಂಗಳೂರಿನ ಫಾಸ್.ಇನ್ ಸಮ್ಮೇಳನ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಶುರುವಾಗಿ 2005ರಲ್ಲಿ ಹೆಸರು ಬದಲಿಸಿಕೊಂಡ ಅದು, 2009ರಲ್ಲಿ ನಿಮ್ಹಾನ್ಸ್ ಸಭಾಭವನದಲ್ಲಿ ಸೇರಿದಾಗ ಭಾಷಣಗಳ ಜೊತೆಗೆ 'ವರ್ಕ್‌ಔಟ್' ಎಂಬ ಗೋಷ್ಠಿಗಳಿಗೆ ಜಾಗ ಕೊಟ್ಟಿತು. ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋಗುವಂತಿಲ್ಲ, ಕೂತು ಕೋಡ್ ಬರೆಯಬೇಕು. ಸಮ್ಮೇಳನಗಳಿಗೆ ಬರಗಾಲವಿಲ್ಲದ ನಾಡಿಗೆ ಅದು ಒಳ್ಳೆಯ ಪಾಠವಾಗಿತ್ತು. 2012ರ ನಂತರ ಆ ಸಮ್ಮೇಳನ ನಡೆಯಲಿಲ್ಲ.

ಅವಸರದಲ್ಲಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಅಕ್ಟೋಬರ್ ಸಾಕ್ಷಿ. ಡಿಜಿಟಲ್‌ಓಷನ್ ಕಂಪನಿ 2014ರಿಂದ ನಡೆಸುತ್ತಿರುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಅಂಗಿಯ ಆಸೆಗೆ ಸಾವಿರಾರು ಜನ ಕಂಡಕಂಡ ಯೋಜನೆಗಳ ವಿವರಣಾ ಕಡತದಲ್ಲಿ ಒಂದೊಂದು ಪದ ಸೇರಿಸಿ ಕಳಿಸಿದರು. ಅದರಲ್ಲಿ ಭಾರತೀಯ ವಿದ್ಯಾರ್ಥಿಗಳ ಪಾಲೂ ದೊಡ್ಡದಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಯೋಜನೆ ನೋಡಿಕೊಳ್ಳುವ ಮೇಂಟೇನರ್‌ಗಳು, ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು, ಕಸ ಗುಡಿಸುತ್ತ ಕೂರಬೇಕಾಯಿತು. ಮೊದಲ ವಾರದಲ್ಲೇ ನಿಯಮ ಬದಲಾಯಿತು: ಮೇಂಟೇನರ್ ಒಪ್ಪಿ ಸೇರಿಸಿಕೊಂಡ ಯೋಜನೆಗೆ ಮಾತ್ರ ಸ್ಪರ್ಧೆಯಲ್ಲಿ ಜಾಗ.

ಹಾಗಾಗಿ ಸ್ಪ್ರಿಂಟ್‌ನ ಮುಕ್ಕಾಲು ಪಾಲು ಕೆಲಸ ಸ್ಪ್ರಿಂಟ್‌ಗೆ ಮೊದಲೇ ಮುಗಿದಿರಬೇಕು. ಕಣ ಸಾರಿಸದೆ ತೊಗರಿ ರಾಶಿಗೆ ಇಳಿಯುವವರಿಲ್ಲ. ಮೊದಲು ಒಂದೇ ಯೋಜನೆ ಆರಿಸಿ, ಅದರ ಮೇಂಟೇನರ್‌ಗೆ ಕಾಗದ ಬರೆದು, ಆ ದಿನ ಬರುವ ತಿದ್ದುಪಡಿಗಳನ್ನು ನೋಡಲು ಅವರಿಗೆ ಬಿಡುವಿದೆಯೇ ಎಂದು ಕೇಳಬೇಕು. ಆಮೇಲೆ ದೂರುಗಳ ಪಟ್ಟಿ ಜಾಲಾಡುವ ಕೆಲಸ. ಯಾವುದೇ ಹಳೆಯ ಯೋಜನೆಯಲ್ಲೂ ಒಂದಷ್ಟು ದೂರುಗಳು ಎಂದೋ ಬಗೆಹರಿದಿರುತ್ತವೆ, ಒಂದಷ್ಟು ಒಂದರ ನಕಲು ಇನ್ನೊಂದು. ಉಳಿದವನ್ನು ಇತ್ತೀಚಿನ ಆವೃತ್ತಿಯಲ್ಲಿ ಮರುಕಳಿಸುತ್ತವೆಯೇ ಎಂದು ನೋಡಬೇಕು. ಮರುಕಳಿಸದ ದೋಷ ತಿದ್ದಲಾಗದು.

ಕೆಲವು ದೋಷಗಳನ್ನು ಮುಟ್ಟುವಂತೆಯೇ ಇಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಬಿದ್ದಿರುವ ಅಧಿಕೃತ ಹೆಸರು 'ಫ' ಎಂದು. ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಯೂನಿಕೋಡ್‌ನ ಕಟ್ಟಪ್ಪಣೆ. ಆ ಹೆಸರನ್ನು ನೆಚ್ಚಿದ ತಂತ್ರಾಂಶ ಎಲ್ಲೋ ಮುರಿದುಬೀಳಬಾರದಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಬರೆದು ಕೈತೊಳೆದುಕೊಂಡಿದ್ದಾರೆ. ಇಂಥದನ್ನು ವಿದ್ಯಾರ್ಥಿಯ ಕೈಗೆ ಕೊಟ್ಟರೆ ಅವನ ಇಡೀ ದಿನ ಹಾಳು.

ಇನ್ನು ಈ ಮೂರು ತಾಲ್ಲೂಕುಗಳಲ್ಲಿ ಸ್ಪ್ರಿಂಟ್ ನಡೆಸುವ ಜಾಗದ ಮಾತು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ಅದರ ಆವರಣ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಅಫಜಲಪುರ, ಜೇವರ್ಗಿಗಳಲ್ಲಿ ಪದವಿ ಕಾಲೇಜುಗಳಿವೆ. ಇಂಟರ್ನೆಟ್ ಕೈಕೊಟ್ಟರೆ ಎಂಬ ಅಂಜಿಕೆಗೆ ಉತ್ತರ ಗಿಟ್‌ನಲ್ಲೇ ಇದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಈ ತಂತ್ರಾಂಶದಲ್ಲಿ ಪ್ರತಿಯೊಬ್ಬರ ಪ್ರತಿಯಲ್ಲೂ ಯೋಜನೆಯ ಪೂರ್ತಿ ಚರಿತ್ರೆ ಅಡಗಿರುತ್ತದೆ. ಹಿಂದಿನ ರಾತ್ರಿ ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಬಂದರೆ ದಿನವಿಡೀ ಜಾಲದ ಹಂಗಿಲ್ಲದೆ ತಿದ್ದಿ, ಸಂಜೆ ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಬಹುದು.

ಕೋಣೆಯಲ್ಲಿ ಎಲ್ಲರೂ ಪ್ರೋಗ್ರಾಮರ್‌ಗಳೇ ಆಗಿರಬೇಕೆಂಬುದು ತಪ್ಪು ಕಲ್ಪನೆ. ಕನ್ನಡದ ಯಾವ ಅಕ್ಷರ ಎಲ್ಲಿ ಮುರಿಯುತ್ತದೆ ಎಂಬುದು ತಹಶೀಲ್ ಕಚೇರಿ ಎದುರಿನ ಡಿಟಿಪಿ ಅಂಗಡಿಯವರಿಗೆ ತಿಳಿದಷ್ಟು ಕಂಪ್ಯೂಟರ್ ಸೈನ್ಸ್ ಪದವೀಧರರಿಗೆ ತಿಳಿಯದು. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವಾಗ ಏನೇನು ಉದುರಿಹೋಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಅನುಭವವನ್ನು ಸರಿಯಾದ ದೂರಿನ ರೂಪಕ್ಕೆ ತರುವುದೇ ಅರ್ಧ ಪರಿಹಾರ. ಯಾವ ಫೋನು, ಯಾವ ಆವೃತ್ತಿ, ಒತ್ತಿದ ಕೀಲಿಗಳು ಯಾವುವು, ಬಂದದ್ದೇನು, ಬರಬೇಕಿದ್ದದ್ದೇನು ಎಂಬಿಷ್ಟಿದ್ದರೆ ಸಾಕು. ಜೊತೆಗೆ ಸ್ಕ್ರೀನ್‌ಶಾಟ್ ಮಾತ್ರವಲ್ಲ, ಬರಹವೂ ಬೇಕು. 'ರ‍್ಯಾಂಕ್' ಪದದ ಮೊದಲ ಅಕ್ಷರದೊಳಗೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಕೂತಿರುತ್ತದೆ. ಹಲಂತಕ್ಕೆ ಮೊದಲು ಅದನ್ನಿಡುವ ರೂಢಿಯೂ ಇದೆ, ನಂತರ ಇಡುವ ರೂಢಿಯೂ ಇದೆ. ಚಿತ್ರದಲ್ಲಿ ಎರಡೂ ಒಂದೇ ಥರ ಕಂಡರೂ ಹುಡುಕಾಟದಲ್ಲಿ ಒಂದಕ್ಕೊಂದು ಸಿಗುವುದಿಲ್ಲ.

ಕೋಡ್ ಬಾರದವರಿಗೆ ಇನ್ನೊಂದು ದೊಡ್ಡ ಮೈದಾನ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮುಕ್ತ ನಕ್ಷೆಯಲ್ಲಿ ಪ್ರತಿ ಊರಿಗೂ ಕನ್ನಡದ ಹೆಸರು ಬರೆಯಲು ಬೇರೆ ಖಾನೆಯಿದೆ. ಜೇವರ್ಗಿಯಿಂದ ಒಡೆದು ಯಡ್ರಾಮಿ ತಾಲ್ಲೂಕಾಗಿದೆ. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿಯಾಗಿದೆ. ಹಳೆಯ ಗಡಿ, ಹಳೆಯ ಹೆಸರು ಉಳಿದಿರುವ ಯಾವುದೇ ಕಡತವೂ ದೋಷವುಳ್ಳದ್ದೇ. 2010ರ ಹೈಟಿ ಭೂಕಂಪದ ಬಳಿಕ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಬರೆದ ನಕ್ಷೆಯನ್ನು ರಕ್ಷಣಾ ತಂಡಗಳು ಬಳಸಿದವು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಹಳ್ಳಿಯ ಹೆಸರು, ಕಾಲುದಾರಿ, ಶಾಲೆಯ ಕಟ್ಟಡ ನಕ್ಷೆಯ ಮೇಲೆ ಸರಿಯಾಗಿರುವುದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರಿಂಟ್ ಮುಗಿದ ಸಂಜೆ ಎಷ್ಟು ತಿದ್ದುಪಡಿ ಕಳಿಸಿದೆವು ಎಂದು ಲೆಕ್ಕ ಹಾಕಿ ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ನಿಜವಾದ ಲೆಕ್ಕ ಸಿಗುವುದು ಒಂದೆರಡು ತಿಂಗಳ ನಂತರ. ಮೇಂಟೇನರ್ ಕೇಳಿದ ಪ್ರಶ್ನೆಗೆ ಉತ್ತರಿಸಿದವರೆಷ್ಟು, ಮೂಲ ಕೋಡ್‌ಗೆ ಸೇರಿದ ತಿದ್ದುಪಡಿ ಎಷ್ಟು, ಅದೇ ದೋಷ ಮತ್ತೆ ತಲೆಯೆತ್ತದಂತೆ ಪರೀಕ್ಷೆ ಬರೆದವರು ಎಷ್ಟು? ಹಾರ್ಫ್‌ಬಜ್‌ನ ಪರೀಕ್ಷಾ ಕಡತಗಳಲ್ಲಿ ಈಗಾಗಲೇ ಕನ್ನಡದ ಪದಗಳಿವೆ. ಅಲ್ಲಿಗೆ ಸೇರಿದ ಪದವನ್ನು ಮುಂದಿನ ಪ್ರತಿ ಬದಲಾವಣೆಯ ಹೊತ್ತಿಗೂ ಯಂತ್ರ ತಾನಾಗಿ ಪರೀಕ್ಷಿಸುತ್ತದೆ. ಒಂದು ದಿನದ ದುಡಿಮೆಯಿಂದ ಇದಕ್ಕಿಂತ ದೀರ್ಘಕಾಲ ಬಾಳುವ ಫಲ ಸಿಗುವುದು ಅಪರೂಪ.

ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಅಂಥದೊಂದು ದಿನ ಗೊತ್ತುಮಾಡುವ ಅಧ್ಯಾಪಕರು ಬ್ಯಾನರ್, ಮುಖ್ಯ ಅತಿಥಿ, ಹಾರ ತುರಾಯಿಗಳ ಖರ್ಚನ್ನು ಉಳಿಸಿ, ಆ ಹಣದಲ್ಲಿ ಡಿಟಿಪಿ ಅಂಗಡಿಯವರಿಗೆ ಒಂದು ದಿನದ ಗಳಿಕೆ ತುಂಬಿಕೊಟ್ಟು ಅವರನ್ನು ಕರೆತರಲಿ.