ಸಾಲುಮನೆಯ ಅಟ್ಟ

ಅಟ್ಟವೆಂಬುದು ಕನ್ನಡನಾಡಿನವರಿಗೆ ಮಡಕೆ ಕೊಪ್ಪರಿಗೆಗಳನ್ನೂ ವರ್ಷದ ದಾಸ್ತಾನನ್ನೂ ಇರಿಸುವ ಸ್ಥಳವಾಗಿ ಚಿರಪರಿಚಿತವಾದುದು. ಅಮರಸಿಂಹನು ಅಟ್ಟಶಬ್ದಕ್ಕೆ ‘ಕ್ಷೌಮ’ವೆಂಬ ಪರ್ಯಾಯವನ್ನು ಪುರವರ್ಗದಲ್ಲಿ ಹೇಳಿರುವನು; ಅಲ್ಲಿ ಅದು ಉಪ್ಪರಿಗೆಯ ಮಾತು. ಇಂಗ್ಲೆಂಡಿನ ಹಳೆಯ ಸಾಲುಮನೆಗಳ ಅಟ್ಟವು ಈ ಎರಡಕ್ಕೂ ಪೂರ್ತಿಯಾಗಿ ಹೊಂದದು. ಮಲಗುವ ಕೋಣೆಗಳ ಒಳಮಾಡಿಗೂ ಇಳಿಜಾರಾದ ಛಾವಣಿಗೂ ನಡುವಣ ಕತ್ತಲೆಯ ಎಡೆಯೇ ಅದು. ಅಂತಹ ಮನೆಗಳನ್ನು ಕೊಳ್ಳುವವರು, ಅಲ್ಲಿ ನೆಲಸಿರುವ ಕನ್ನಡಿಗರೂ ಸೇರಿ, ಅಡುಗೆಮನೆ ಹಿತ್ತಿಲುಗಳನ್ನು ಎರಡೆರಡು ಸಲ ನೋಡಿ ಅಟ್ಟವನ್ನು ಮಾತ್ರ ನೋಡದೆ ಹಿಂದಿರುಗುವುದುಂಟು. ಕ್ರಯವಾದ ಮೇಲೆ ಕಂಡುಬಂದ ದೋಷದ ಭಾರವು ಆ ದೇಶದಲ್ಲಿ ಸಾಮಾನ್ಯವಾಗಿ ಕೊಂಡವನದೇ ಆದುದರಿಂದ ಈ ಉಪೇಕ್ಷೆಯು ದುಬಾರಿಯಾದುದು.

ಮೊದಲು ನೋಡತಕ್ಕುದು ನಡುಗೋಡೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (೧೮೩೭–೧೯೦೧) ಕಾರ್ಖಾನೆಯ ಊರುಗಳಲ್ಲಿ ಎದ್ದ ಸಾಲುಗಳಲ್ಲಿ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಅದು ಕೆಳಗೆ ದೃಢವಾಗಿದ್ದರೂ ಎಷ್ಟೋ ಕಡೆ ಒಳಮಾಡಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿರುತ್ತದೆ. ಮೇಲೆ ಹಲವು ಮನೆಗಳಿಗೆ ಅಟ್ಟವೊಂದೇ. ಕಟ್ಟಿದವನಿಗೆ ಇಟ್ಟಿಗೆಯ ಉಳಿತಾಯ, ವಾಸಿಸುವವರಿಗೆ ಪ್ರಾಣಭಯ! ಒಂದು ಮನೆಯ ಅಟ್ಟಕ್ಕೇರಿದ ಬೆಂಕಿಯು ಕೆಳಗೆ ಮಲಗಿದವರಿಗೆ ಸುಳಿವೇ ಹತ್ತದಂತೆ ನೆರೆಮನೆಗಳ ನೆತ್ತಿಗೆ ಹರಿಯಬಲ್ಲುದು. ಲಂಡನ್ನು ೧೬೬೬ರ ಮಹಾದಹನದಿಂದ ಪಾಠ ಕಲಿತ ನಗರ. ಮರುವರ್ಷದ ಶಾಸನವು ಇಟ್ಟಿಗೆ ಕಲ್ಲುಗಳಿಂದಲೇ ಗೋಡೆ ಕಟ್ಟಬೇಕೆಂದು ವಿಧಿಸಿತು. ೧೭೭೪ರ ಶಾಸನವು ನಡುಗೋಡೆಯು ಛಾವಣಿಯನ್ನು ದಾಟಿ ಮೇಲೇಳಬೇಕೆಂದಿತು. ಆ ನಗರದ ಹಳೆಯ ಸಾಲುಗಳಲ್ಲಿ ಮನೆಮನೆಯ ನಡುವೆ ಛಾವಣಿಯ ಮೇಲೆ ತಲೆಯೆತ್ತಿರುವ ಗೋಡೆಗಳು ಇದರ ಕುರುಹು. ಉಳಿದ ಊರುಗಳಿಗೆ ಆ ವಿಧಿಯ ಬಂಧನವಿರಲಿಲ್ಲ. ಗೋಡೆಯಿದ್ದರೂ ಕೊಳವೆ ತಂತಿಗಳಿಗಾಗಿ ಕೊರೆದ ರಂಧ್ರಗಳನ್ನು ಮುಚ್ಚಿರುವರೇ ಎಂದು ದೀಪ ಹಿಡಿದು ನೋಡಬೇಕು.

ಬಳಿಕ ಆ ದೀಪವನ್ನು ಆರಿಸಿ ಕ್ಷಣಕಾಲ ಸುಮ್ಮನಿರುವುದು ಲೇಸು. ಛಾವಣಿಯಲ್ಲಿ ನಕ್ಷತ್ರಗಳಂತೆ ಬೆಳಕಿನ ಚುಕ್ಕೆಗಳು ಕಂಡರೆ ಸ್ಲೇಟುಕಲ್ಲುಗಳು ಜರುಗಿವೆಯೆಂದು ತಿಳಿಯಬೇಕು. ವೇಲ್ಸಿನ ಕಲ್ಲು ನೂರು ವರ್ಷವನ್ನು ಮೀರಿ ಬಾಳುವುದು. ಅದನ್ನು ಹಿಡಿದಿರುವ ಕಬ್ಬಿಣದ ಮೊಳೆಯು ತುಕ್ಕುಹಿಡಿದು ಮೊದಲೇ ಸಾಯುವುದು. ಒಂದೆರಡು ಕಲ್ಲು ಜಾರಿದ್ದರೆ ಅಲ್ಪದೋಷ. ಎಲ್ಲೆಡೆಯೂ ಜಾರುತ್ತಿದ್ದರೆ ಛಾವಣಿಯನ್ನೇ ಹೊಸದಾಗಿ ಹೊದಿಸಬೇಕಾದೀತು. ಸ್ಲೇಟನ್ನು ತೆಗೆದು ಕಾಂಕ್ರೀಟಿನ ಹೆಂಚನ್ನು ಹೊದಿಸಿರುವ ಮನೆಗಳಲ್ಲಿ ಪರೀಕ್ಷೆಯು ಬೇರೆ: ಹಗುರವಾದ ಕಲ್ಲಿಗೆಂದು ಕೂಡಿಸಿದ ತೊಲೆಗಳು ಹೆಚ್ಚಿದ ಭಾರಕ್ಕೆ ಬಾಗಿರುವುವೇ, ಆನಿಸಿದ್ದ ಊರೆಗಳನ್ನು ಸಾಮಾನಿಡಲು ಅಡ್ಡಿಯೆಂದು ಯಾರಾದರೂ ಕತ್ತರಿಸಿರುವರೇ ಎಂಬುದನ್ನು ನೋಡಬೇಕು.

ಹೊಗೆಗೂಡಿನ ವಿಷಯವು ಇನ್ನೂ ಗಹನವಾದುದು. ಕೋಣೆ ವಿಶಾಲವಾಗಲೆಂದು ಒಲೆಯ ಸುತ್ತಣ ಇಟ್ಟಿಗೆಯ ಕಟ್ಟನ್ನು ಕೆಳಗೆ ಒಡೆದು, ಮೇಲಣ ಭಾಗವನ್ನು ಹಾಗೆಯೇ ಬಿಟ್ಟಿರುವುದುಂಟು. ಆಗ ಇಟ್ಟಿಗೆಯ ರಾಶಿಯು ಯಾವುದರ ಮೇಲೆ ನಿಂತಿದೆಯೆಂಬುದು ಅಟ್ಟದಲ್ಲಿ ಮಾತ್ರ ಗೋಚರವಾಗುವುದು. ಉಕ್ಕಿನ ತೊಲೆ ಕಂಡರೂ ಅದರ ಲೆಕ್ಕಾಚಾರದ ಪತ್ರವನ್ನು ಕೇಳಬೇಕು. ಮರದ ತುಂಡು ಕಂಡರೆ ಯಂತ್ರಶಿಲ್ಪಿಯನ್ನು ಕರೆತರುವವರೆಗೆ ಮುಂಗಡ ಕೊಡಲಾಗದು.

ಮರದಲ್ಲಿ ಸಣ್ಣ ತೂತುಗಳಿದ್ದ ಮಾತ್ರಕ್ಕೆ ಬೆದರಬೇಕಾದುದಿಲ್ಲ, ಹಳೆಯ ಮರದಲ್ಲಿ ಅದು ಸಹಜ. ತೂತಿನ ಕೆಳಗೆ ಬಿಳುಪಾದ ಹೊಸ ಕುಟ್ಟೆಹುಡಿಯಿದ್ದರೆ ಹುಳು ಇನ್ನೂ ಬದುಕಿದೆ. ಚಳಿಗೆ ಹಾಸಿದ ಉಣ್ಣೆಯಂತಹ ಹೊದಿಕೆಯು ಸೂರಿನಂಚನ್ನು ಮುಚ್ಚಿ ಗಾಳಿಯನ್ನು ತಡೆದಿದ್ದರೆ ಮರವು ಬೆವರಿ ಬೂಷ್ಟು ಹಿಡಿಯುವುದು. ಹಳೆಯ ನೀರಿನ ತೊಟ್ಟಿ ಕಲ್ನಾರಿನದಾಗಿರಬಹುದು. ಅದನ್ನು ಕೆರೆಯದೆ ಕದಲಿಸದೆ ಬಿಡುವುದೇ ಕ್ಷೇಮ. ಬಾವಲಿಗಳಿದ್ದರೆ ಅವನ್ನು ಓಡಿಸುವಂತಿಲ್ಲ. ೧೯೮೧ರ ಶಾಸನವು ಅವುಗಳಿಗೆ ರಕ್ಷಣೆಯನ್ನಿತ್ತಿದೆ.

ಅಟ್ಟವನ್ನು ‘ಕೋಣೆ’ಯೆಂದು ತೋರಿಸಿ ಬೆಲೆಯನ್ನೇರಿಸುವ ಮಾರಾಟಗಾರರೂ ಉಂಟು. ಒಳಮಾಡನ್ನು ಹೊರಲೆಂದು ಇಟ್ಟ ತೆಳುವಾದ ಜಂತೆಗಳ ಮೇಲೆ ಹಲಗೆ ಹಾಸಿ, ಮಂಚವಿಟ್ಟ ಮಾತ್ರಕ್ಕೆ ಅದು ವಾಸಯೋಗ್ಯವಾಗದು. ಸ್ಥಳೀಯ ಕಟ್ಟಡಾಧಿಕಾರಿಯ ಪೂರ್ಣತಾಪತ್ರವನ್ನು ಕೇಳಿದಾಗ ಮಾರುವವನು ಕೊಡಲಾರದೆ ಹೋದರೆ, ಅದನ್ನು ಸಾಮಾನಿನ ಅಟ್ಟವೆಂದೇ ಎಣಿಸಿ ಬೆಲೆಕಟ್ಟಬೇಕು.