ಷಾರ್ಲೆಟ್ ಯಾಕೆ ‘ಹೂಂ’ ಅಂದಳು?

(ಈ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ. ಇಯರ್‌ಫೋನ್ ಮರೆತು ಬಂದವರು ಓದಿಕೊಳ್ಳಬಹುದು.)

ಇವತ್ತು ಇನ್ನೂರು ವರ್ಷ ದಾಟಿದ ಒಂದು ಇಂಗ್ಲಿಷ್ ಕಾದಂಬರಿ ಬಗ್ಗೆ ಮಾತಾಡೋಣ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡೀಸ್’. 1813ರ ಜನವರಿಯಲ್ಲಿ ಪ್ರಕಟವಾಯ್ತು. ಸಿನಿಮಾ ನೋಡಿದವರಿಗೆ ಎಲಿಜಬೆತ್ ಮತ್ತು ಡಾರ್ಸಿ ನೆನಪಿರ್ತಾರೆ. ಜಗಳದಲ್ಲಿ ಶುರುವಾಗಿ ಮದುವೆಯಲ್ಲಿ ಮುಗಿಯುವ ಪ್ರೀತಿ. ಆದರೆ ನಾನು ಹೇಳಬೇಕು ಅಂತಿರೋದು ಎಲಿಜಬೆತ್‌ಳ ಗೆಳತಿ ಷಾರ್ಲೆಟ್ ಲ್ಯೂಕಸ್ ಬಗ್ಗೆ.

ಡಿಗ್ರಿಯಲ್ಲಿ ಮೊದಲ ಸಲ ಓದಿದಾಗ ಇವಳ ಮೇಲೆ ನನಗೆ ಸಿಟ್ಟು ಬಂದಿತ್ತು. ಇಷ್ಟು ಬುದ್ಧಿ ಇರೋಳು, ಹೋಗಿ ಹೋಗಿ ಆ ಕಾಲಿನ್ಸ್‌ನ ಮದುವೆ ಆಗೋದಾ ಅಂತ. ಈಚೆಗೆ ಮತ್ತೆ ಓದಿದೆ. ಈ ಸಲ ಸಿಟ್ಟು ಬರಲಿಲ್ಲ, ಅವಳ ಲೆಕ್ಕ ಅರ್ಥವಾಯ್ತು. ಆ ಲೆಕ್ಕವನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ಆಸ್ತಿ ವಿಷಯ. ಎಲಿಜಬೆತ್‌ಳ ಅಪ್ಪ ಬೆನೆಟ್‌ಗೆ ವರ್ಷಕ್ಕೆ 2,000 ಪೌಂಡ್ ಬರುವ ಜಮೀನಿದೆ. ಐದು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಆ ಜಮೀನಿಗೆ ‘ಎಂಟೇಲ್’ ಅನ್ನೋ ಕಟ್ಟು ಬಿದ್ದಿದೆ. ಅಂದ್ರೆ ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕು. ಅಪ್ಪ ಮನಸ್ಸು ಮಾಡಿದರೂ ಮಗಳ ಹೆಸರಿಗೆ ಬರೆಯೋ ಹಾಗಿಲ್ಲ. ಹಾಗಾಗಿ ಅಪ್ಪ ತೀರಿಕೊಂಡ ಮೇಲೆ ಮನೆ, ಜಮೀನು ಎಲ್ಲಾ ದೂರದ ದಾಯಾದಿಯೊಬ್ಬನ ಪಾಲು. ಆ ದಾಯಾದಿಯೇ ಕಾಲಿನ್ಸ್. ವೃತ್ತಿಯಲ್ಲಿ ಪಾದ್ರಿ, ದೊಡ್ಡವರ ಮುಂದೆ ಹಲ್ಲು ಗಿಂಜುವವನು, ಬಾಯಿ ತೆರೆದರೆ ಭಾಷಣ.

ಅವನು ಮೊದಲು ಕೇಳೋದು ಎಲಿಜಬೆತ್‌ಳನ್ನು. ಕೇಳುವಾಗಲೇ ಅವಳ ಪಾಲಿನ ಹಣ ಎಷ್ಟು ಅಂತಲೂ ಲೆಕ್ಕ ಒಪ್ಪಿಸ್ತಾನೆ: ಶೇಕಡಾ ನಾಲ್ಕರ ಬಡ್ಡಿಯಲ್ಲಿರುವ 1,000 ಪೌಂಡ್, ಅದೂ ತಾಯಿ ತೀರಿಕೊಂಡ ಮೇಲೆ. ವರ್ಷಕ್ಕೆ 40 ಪೌಂಡ್ ಆಯ್ತು. ಡಾರ್ಸಿಯ ವರಮಾನ ವರ್ಷಕ್ಕೆ 10,000 ಪೌಂಡ್ ಅಂತ ಊರೆಲ್ಲಾ ಮಾತಾಡ್ತಿರುತ್ತೆ, ಆ ಊರಲ್ಲೇ ಈ ನಲವತ್ತು! ಎಲಿಜಬೆತ್ ‘ಆಗಲ್ಲ’ ಅಂತಾಳೆ. ಅವಳಿಗಿನ್ನೂ 21 ತುಂಬಿಲ್ಲ.

ಮೂರೇ ದಿನದೊಳಗೆ ಕಾಲಿನ್ಸ್ ಷಾರ್ಲೆಟ್‌ಳನ್ನು ಕೇಳ್ತಾನೆ. ಅವಳು ಒಪ್ಕೋತಾಳೆ. ಅವಳ ವಯಸ್ಸು 27. ನೋಡೋಕೆ ಸಾಧಾರಣ, ಅಪ್ಪನ ಹತ್ತಿರ ಕೊಡೋಕೆ ಹೆಚ್ಚು ಹಣವಿಲ್ಲ. ಆ ಕಾಲದಲ್ಲಿ ಅವಳಂಥ ಮನೆಯ ಹೆಣ್ಣಿಗೆ ವಕೀಲಿಕೆ ಇಲ್ಲ, ಯೂನಿವರ್ಸಿಟಿ ಇಲ್ಲ, ಸರ್ಕಾರಿ ಹುದ್ದೆ ಇಲ್ಲ. ಹೆಚ್ಚೆಂದರೆ ಬೇರೆಯವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳಬಹುದು. ಇಲ್ಲಾಂದ್ರೆ ಅಣ್ಣತಮ್ಮಂದಿರ ಮನೆಯ ಒಂದು ಮೂಲೆ.

ಈ ಸುದ್ದಿ ಕೇಳಿ ಮನೆಯವರು ಏನು ಮಾಡ್ತಾರೆ ನೋಡಿ. ಅಮ್ಮ, ಬೆನೆಟ್ ಇನ್ನೆಷ್ಟು ವರ್ಷ ಬದುಕಬಹುದು ಅಂತ ಎಣಿಸೋಕೆ ಶುರು ಮಾಡ್ತಾಳೆ. ತಂಗಿಯರಿಗೆ, ಇನ್ನು ತಮ್ಮ ಸರದಿ ಒಂದೆರಡು ವರ್ಷ ಬೇಗ ಬರುತ್ತೆ ಅಂತ ಖುಷಿ. ಗಂಡುಮಕ್ಕಳಿಗೆ, ಅಕ್ಕ ಮದುವೆ ಇಲ್ಲದೆ ಮನೆಯಲ್ಲೇ ಉಳಿದುಬಿಡ್ತಾಳೆ ಅನ್ನೋ ಭಯ ತಪ್ಪಿತಲ್ಲ ಅಂತ ಸಮಾಧಾನ. ಹುಡುಗನ ಜೊತೆ ನೀನು ಸುಖವಾಗಿರ್ತೀಯಾ ಅಂತ ಆ ಮನೆಯಲ್ಲಿ ಒಬ್ಬರೂ ಕೇಳಲ್ಲ. ಕೇಳೋದು ಎಲಿಜಬೆತ್ ಒಬ್ಬಳೇ, ಅದೂ ಬೈಯುವ ಹಾಗೆ. ಯಾರೂ ಷಾರ್ಲೆಟ್‌ಗೆ ಬಲವಂತ ಮಾಡಿಲ್ಲ. ಬೇರೆ ದಾರಿಗಳೇ ಇರಲಿಲ್ಲ, ಅಷ್ಟೇ.

ಮದುವೆ ಆದ ಮೇಲೆ ಎಲಿಜಬೆತ್ ಅವಳ ಮನೆಗೆ ಹೋಗ್ತಾಳೆ. ಅಲ್ಲಿ ಒಂದು ಸಣ್ಣ ಸಂಗತಿ ಇದೆ, ನನಗೆ ಬಹಳ ಇಷ್ಟ. ಷಾರ್ಲೆಟ್ ಹಗಲು ಹೊತ್ತು ಕೂರೋಕೆ ಹಿಂಭಾಗದ ಕೋಣೆ ಆರಿಸಿಕೊಂಡಿದ್ದಾಳೆ. ಮುಂದಿನ ಕೋಣೆ ಇನ್ನೂ ಚೆನ್ನಾಗಿದೆಯಲ್ಲ ಅಂತ ಎಲಿಜಬೆತ್‌ಗೆ ಆಶ್ಚರ್ಯ. ಆಮೇಲೆ ಗೊತ್ತಾಗುತ್ತೆ: ಕಾಲಿನ್ಸ್‌ಗೆ ರಸ್ತೆ ಕಾಣುವ ಅವನ ಓದುವ ಕೋಣೆಯೇ ಪ್ರಿಯ. ಹೆಂಡತಿಯ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ದಿನವಿಡೀ ಅಲ್ಲೇ ಬಂದು ಕೂತಿರ್ತಿದ್ದ. ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೇದು ಅಂತ ಅವನನ್ನು ಆದಷ್ಟು ಹೊರಗೂ ಕಳಿಸ್ತಾಳೆ. ನಗು ಬರುತ್ತೆ ಅಲ್ವಾ? ಆದರೆ ಆ ಮದುವೆಯೊಳಗೆ ಅವಳಿಗೆ ಸಿಕ್ಕ ಜಾಗ ಅಷ್ಟೇ, ಒಂದು ಹಿಂಭಾಗದ ಕೋಣೆ.

ಈಗ ಬರೆದವಳ ಕಥೆಗೆ ಬರೋಣ. 1802ರ ಡಿಸೆಂಬರ್. ಜೇನ್ ಆಸ್ಟಿನ್‌ಗೆ 27 ತುಂಬೋಕೆ ಎರಡು ವಾರ ಬಾಕಿ. ಗೆಳತಿಯರ ತಮ್ಮ ಹ್ಯಾರಿಸ್ ಬಿಗ್-ವಿದರ್ ಮದುವೆಗೆ ಕೇಳಿದ. ದೊಡ್ಡ ಎಸ್ಟೇಟಿನ ವಾರಸುದಾರ. ರಾತ್ರಿ ‘ಹೂಂ’ ಅಂದಳು. ಬೆಳಗಾಗೆದ್ದು ‘ಇಲ್ಲ’ ಅಂದು ಅಲ್ಲಿಂದ ಹೊರಟುಬಿಟ್ಟಳು.

ಆ ‘ಇಲ್ಲ’ಕ್ಕೆ ಬೆಲೆ ಇತ್ತು. 1805ರಲ್ಲಿ ಅಪ್ಪ ತೀರಿಕೊಂಡ. ಜೇನ್, ಅಕ್ಕ ಕಸಾಂಡ್ರಾ, ಅಮ್ಮ, ಮೂವರೂ ಅಣ್ಣತಮ್ಮಂದಿರು ಕೊಡೋ ಹಣದ ಮೇಲೆ ಮನೆಯಿಂದ ಮನೆಗೆ ಅಲೆದರು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಊರಲ್ಲಿ ಒಂದು ಮನೆ ಬಿಟ್ಟುಕೊಟ್ಟ. ‘ಪ್ರೈಡ್ ಅಂಡ್ ಪ್ರೆಜುಡೀಸ್’ ಹಕ್ಕನ್ನು ಆಕೆ ಮಾರಿದ್ದು 110 ಪೌಂಡಿಗೆ, ಕೇಳಿದ್ದು 150. ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ. 1817ರಲ್ಲಿ, 41ನೇ ವಯಸ್ಸಿಗೆ ತೀರಿಕೊಂಡಳು.

ನನಗೆ ಅನ್ನಿಸೋದು ಇಷ್ಟು. ಎಲಿಜಬೆತ್ ‘ಇಲ್ಲ’ ಅಂದಿದ್ದಕ್ಕೆ ಕಾದಂಬರಿ ಅವಳಿಗೆ ಡಾರ್ಸಿಯನ್ನು ಕೊಡ್ತು. ಜೇನ್‌ಗೆ ಅಂಥ ಯಾರೂ ಬರಲಿಲ್ಲ. ‘ಇಲ್ಲ’ ಅಂದರೆ ಏನಾಗುತ್ತೆ ಅಂತ ಗೊತ್ತಿದ್ದವಳೇ ಷಾರ್ಲೆಟ್‌ಳನ್ನು ಬರೆದಿದ್ದಾಳೆ. ಅದಕ್ಕೇ ಕಾಲಿನ್ಸ್‌ನನ್ನು ಹಿಗ್ಗಾಮುಗ್ಗಾ ಗೇಲಿ ಮಾಡ್ತಾಳೆ, ಷಾರ್ಲೆಟ್‌ಳನ್ನು ಮಾಡಲ್ಲ. ಎಲಿಜಬೆತ್‌ಳ ಸಿಟ್ಟೂ ಸರಿ, ಷಾರ್ಲೆಟ್‌ಳ ಲೆಕ್ಕವೂ ಸರಿ ಅನ್ನೋ ಹಾಗೆ ಬಿಟ್ಟಿದ್ದಾಳೆ.

ಕಾದಂಬರಿಗೆ ಈಗ ಕಾಪಿರೈಟ್ ಇಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ಇಡೀ ಪುಸ್ತಕ ಓದೋಕೆ ಟೈಮ್ ಇಲ್ಲ ಅಂದ್ರೆ 22ನೇ ಅಧ್ಯಾಯ ಒಂದನ್ನೇ ಓದಿ. ನಾಲ್ಕೈದು ಪುಟ, ಅಷ್ಟೇ. ಓದಿ, ಷಾರ್ಲೆಟ್ ಜಾಗದಲ್ಲಿ ನೀವಿದ್ದಿದ್ರೆ ಏನು ಹೇಳ್ತಿದ್ರಿ ಅಂತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.