ಬ್ರೇಕ್ ಏನು ಹೇಳ್ತಿದೆ? ಕಿವಿಗೊಟ್ಟು ಕೇಳಿ

ಮಕ್ಕಳೇ, ಕನ್ನಡ ತರಗತಿಯಲ್ಲಿ ಅನುಕರಣಾವ್ಯಯದ ಪಾಠ ಬರುತ್ತದಲ್ಲ, ನೆನಪಿದೆಯಾ? ಚಟಚಟ, ಗುಡುಗುಡು, ಕರಕರ... ಕೇಳಿಸಿದ ಸದ್ದನ್ನು ಹಾಗೆಯೇ ಹೇಳುವ ಪದಗಳು. ಇವು ಪರೀಕ್ಷೆಗೆ ಮಾತ್ರ ಅಲ್ಲ, ಮನೆಯ ಕಾರಿನ ಬ್ರೇಕ್ ಸರಿಯಾಗಿದೆಯಾ ಅಂತ ತಿಳಿಯೋದಕ್ಕೂ ಉಪಯೋಗಕ್ಕೆ ಬರುತ್ತವೆ.

ಈ ಕೆಲಸದಲ್ಲಿ ನೀವು ದೊಡ್ಡವರಿಗಿಂತ ಒಂದು ಕೈ ಮೇಲೆ! ಮಕ್ಕಳ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ವಯಸ್ಸಾದಂತೆ ತೀರಾ ಕೀರಲು ಸದ್ದುಗಳು ಕೇಳಿಸುವುದು ಕಡಿಮೆಯಾಗುತ್ತಾ ಹೋಗುತ್ತದೆ. ಬ್ರೇಕಿನ ಕೀರಲು ಸದ್ದು ಸೆಕೆಂಡಿಗೆ ಸಾವಿರಾರು ಕಂಪನಗಳದ್ದು. ಅಪ್ಪ ಅಮ್ಮನಿಗಿಂತ ಮೊದಲು ಹಿಂದಿನ ಸೀಟಿನಲ್ಲಿ ಕೂತ ನಿಮಗೆ ಅದು ಕೇಳಿಸಬಹುದು.

ಪೋಷಕರೇ, ನಮ್ಮ ಮಿಷಿಗನ್‌ನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ಸುರಕ್ಷತಾ ತಪಾಸಣೆ ಇಲ್ಲ. ಪ್ಯಾಡ್ ಸವೆದಿದೆ ಅಂತ ಯಾರೂ ಬಂದು ಹೇಳಲ್ಲ. ನಾವೇ ಗಮನಿಸಬೇಕು.

ಮೊದಲು ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಚಕ್ರದ ಜೊತೆಗೇ ತಿರುಗುವ ಒಂದು ಕಬ್ಬಿಣದ ತಟ್ಟೆ ಇದೆ, ಅದೇ ರೋಟರ್. ಪೆಡಲ್ ಒತ್ತಿದರೆ ಕ್ಯಾಲಿಪರ್ ಅನ್ನೋ ಹಿಡಿಕೆ ಎರಡೂ ಪಕ್ಕದಿಂದ ಪ್ಯಾಡುಗಳನ್ನು ಆ ತಟ್ಟೆಗೆ ಅಮುಕುತ್ತದೆ. ನಿಮ್ಮ ಸೈಕಲ್ಲಿನ ರಬ್ಬರ್ ತುಂಡುಗಳು ರಿಮ್ ಹಿಡಿಯುತ್ತವಲ್ಲ, ಹಾಗೆ. ಘರ್ಷಣೆಯಿಂದ ಕಾರಿನ ಓಟವೆಲ್ಲ ಶಾಖವಾಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು! ಹೀಗೆ ಉಜ್ಜಿ ಉಜ್ಜಿ ಪ್ಯಾಡ್ ಸವೆಯುತ್ತದೆ.

ಈಗ ಸದ್ದುಗಳು.

ಸರಸರ: ಮಳೆಯೋ ಹಿಮವೋ ಬಿದ್ದ ಮರುದಿನ ಬೆಳಿಗ್ಗೆ, ಮೊದಲ ಒಂದೆರಡು ಸಲ ಬ್ರೇಕ್ ಹಾಕಿದಾಗ ಮಾತ್ರ. ರೋಟರ್ ಮೇಲೆ ರಾತ್ರಿ ಕೂತ ತೆಳು ತುಕ್ಕು ಅದು. ಉಜ್ಜಿ ಹೋಗುತ್ತದೆ, ಹೆದರಬೇಡಿ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟರ್ರೇ ವೇಗ ತಗ್ಗಿಸುವುದರಿಂದ ಪ್ಯಾಡುಗಳಿಗೆ ಕೆಲಸ ಕಡಿಮೆ, ತುಕ್ಕು ಜಾಸ್ತಿ.

ಕೀಂಯ್: ಬೋರ್ಡಿನ ಮೇಲೆ ಸೀಮೆಸುಣ್ಣ ಕಿರುಚಿದ ಹಾಗೆ, ದಿನವೂ ಕೇಳಿಸಿದರೆ ಗಮನ ಕೊಡಿ. ಹೊಸ ಪ್ಯಾಡ್ ಸುಮಾರು 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. ಅದು 2-3 ಮಿ.ಮೀ.ಗೆ ಇಳಿದಾಗ ರೋಟರಿಗೆ ತಾಗಿ ಕೂಗಲಿ ಅಂತಲೇ ಹಲವು ಪ್ಯಾಡುಗಳಿಗೆ ಸಣ್ಣ ಲೋಹದ ಪಟ್ಟಿ ಜೋಡಿಸಿರುತ್ತಾರೆ. ದೂಳು ಕೂತರೂ ಇಂಥದೇ ಸದ್ದು ಬರಬಹುದು. ಯಾವುದು ಅಂತ ಊಹಿಸುವ ಬದಲು ಪ್ಯಾಡಿನ ದಪ್ಪ ಅಳೆಸಿ.

ಗರಗರ: ಬ್ರೇಕ್ ಒತ್ತಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಪ್ಯಾಡ್ ಪೂರ್ತಿ ಮುಗಿದು ಹಿಂದಿನ ಲೋಹದ ತಗಡು ರೋಟರನ್ನು ತಿನ್ನುತ್ತಿರಬಹುದು. ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಇಂಥ ಕಾರು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಟಕ್: ಬ್ರೇಕ್ ಹಾಕಿದ ಕ್ಷಣಕ್ಕೆ ಒಂದೇ ಸಲ ಬಡಿದ ಹಾಗೆ. ಪ್ಯಾಡ್ ಅಥವಾ ಕ್ಯಾಲಿಪರ್ ಸಡಿಲವಾಗಿರಬಹುದು. ಬೇಗ ತೋರಿಸಿ.

ದಡದಡ: ಹೈವೇಯಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗೋ ಪೆಡಲೋ ನಡುಗುತ್ತದೆ. ರೋಟರಿನ ದಪ್ಪ ಎಲ್ಲ ಕಡೆ ಒಂದೇ ಸಮ ಉಳಿದಿಲ್ಲ ಅಂತ ಅರ್ಥ.

ಡರ್‌ರ್: ಹಿಮದ ಮೇಲೆ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ತಟ್ಟುತ್ತದೆ. ಇದು ದೋಷವಲ್ಲ. ಚಕ್ರ ಜಾರದಂತೆ ಎಬಿಎಸ್ ಕೆಲಸ ಮಾಡುತ್ತಿದೆ. ಕಾಲು ತೆಗೆಯದೆ ಒತ್ತಿ ಹಿಡಿಯಿರಿ.

ಸದ್ದಿನ ಜೊತೆ ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ, ಕಾರು ಒಂದು ಪಕ್ಕಕ್ಕೆ ಎಳೆದರೆ, ಕ್ಯಾಲಿಪರ್ ಬಿಗಿದುಕೊಂಡಿರಬಹುದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅದರ ಪಿನ್ನುಗಳಿಗೆ ತುಕ್ಕು ಹಿಡಿಸುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ "ಪ್ರೋಗ್ರಾಮ್ ಕೆಟ್ಟಿದೆ" ಅಂತಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯಲ್ಲ. ಏನು ಮಾಡಿದಾಗ ಕೆಟ್ಟಿತು ಅಂತ ಹೇಳಬೇಕು. ಮೆಕ್ಯಾನಿಕ್‌ಗೂ ಹಾಗೆಯೇ. ಮೂರು ವಿಷಯ ಬರೆದುಕೊಳ್ಳಿ. ಯಾವಾಗ: ಬ್ರೇಕ್ ಒತ್ತಿದಾಗಲೋ, ಸುಮ್ಮನೆ ಓಡುವಾಗಲೂನೋ? ಎಲ್ಲಿ: ಮುಂದೆಯೋ ಹಿಂದೆಯೋ, ಎಡವೋ ಬಲವೋ? ಹೇಗೆ: ವೇಗದ ಜೊತೆ ಸದ್ದೂ ಬದಲಾಗುತ್ತದೆಯೋ? ವಾಹನಗಳಿಲ್ಲದ ಕಡೆ ಕಿಟಕಿ ಇಳಿಸಿ, ಗೋಡೆಯ ಪಕ್ಕ ನಿಧಾನವಾಗಿ ಹೋದರೆ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ಚೆನ್ನಾಗಿ ಕೇಳಿಸುತ್ತದೆ. ಬ್ರೇಕ್ ಒತ್ತದೇ ಇದ್ದಾಗಲೂ ಉಜ್ಜುವ ಸದ್ದು ಬಂದರೆ ಕೆಲವು ಸಲ ರೋಟರ್ ಹಿಂದಿನ ತಗಡಿಗೆ ಸಿಕ್ಕಿದ ಒಂದು ಸಣ್ಣ ಕಲ್ಲು ಅಷ್ಟೇ!

ಮಕ್ಕಳೇ, ಒಂದು ಎಚ್ಚರಿಕೆ. ಓಡಿ ಬಂದ ಕಾರಿನ ರೋಟರ್ ಮುಟ್ಟಬೇಡಿ, ಕೈ ಸುಡುತ್ತದೆ. ಜಾಕ್ ಮೇಲಿರುವ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ನಿಮ್ಮ ಕೆಲಸ ಕೇಳುವುದು ಮತ್ತು ಹೇಳುವುದು. "ಅಮ್ಮಾ, ಕೀಂಯ್ ಅಂತಿದೆ" ಅಂದಾಗ ಅವರು ಹಾಡಿನ ಸದ್ದು ಹೆಚ್ಚು ಮಾಡಿದರೆ, ಅದು ನಿಂತ ಮೇಲೆ ಇನ್ನೊಂದು ಸಲ ಹೇಳಿ.